ಔಷಧಿ ಬಕೀಟಿಗೆ ಕೈ ಹಾಕಿದವರು

ಕೆಂಚವ್ವ ಗಂಡ ಕರಿಸಿದ್ದಪ್ಪ ಹೊಸಮನಿ, ವಯಸ್ಸು 47 ವರ್ಷ, ಉದ್ಯೋಗ ತೋಟದ ಮನೆಯಲ್ಲಿ ಕಸಮುಸುರೆ, ಸಾ: ಶಲವಡಿ, ತಾ: ಅಣ್ಣಿಗೇರಿ, ಜಿ: ಧಾರವಾಡ. ಯಾರೂ ಕರೆಯದೆ ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ, ನನ್ನ ಗಂಡ ವಿಷದ ಹೊಗೆ ಕುಡಿದು ಆಸ್ಪತ್ರೆಯಲ್ಲಿದ್ದಾನೆ. ಇದು ಹನುಮೇಶನದೇ ಕೆಲಸವೆಂದು ನಿನ್ನೆ ನಾನು ಹೇಳಿದ್ದರಿಂದ ತಾವು ಅವನನ್ನು ಇಲ್ಲಿ ಕೂರಿಸಿಕೊಂಡಿದ್ದೀರಿ. ನಡೆದದ್ದನ್ನು ಈಗ ಪೂರ್ತಿ ಬರೆಸುತ್ತೇನೆ.

ಊರಿನಿಂದ ಎರಡು ಕಿಲೋಮೀಟರ್ ದೂರ ಗೌರೀಶ ಸಾವಕಾರರ ತೋಟದ ಮನೆ ಇದ್ದು, ಹಿಂಭಾಗದಲ್ಲಿ ನಲವತ್ತು ಅಡಿ ಉದ್ದದ ಈಜುಕೊಳ ಇರುತ್ತದೆ. ಎರಡು ವರ್ಷದಿಂದ ಅದರ ನೀರು ನೋಡಿಕೊಳ್ಳುವವನು ನನ್ನ ಗಂಡ. ದಿನಾ ಬೆಳಿಗ್ಗೆ ಆರಕ್ಕೆ ಬಲೆಯಿಂದ ಕಸ ಎತ್ತಿ, ಕ್ಲೋರಿನ್ ಪುಡಿಯನ್ನು ನೀರಿನಲ್ಲಿ ಕರಗಿಸಿ ಕೊಳಕ್ಕೆ ಸುರಿಯುತ್ತಾನೆ. ಅವನಿಗಿಂತ ಮೊದಲು ಆ ಕೆಲಸ ಮೊರಬದ ಹನುಮೇಶನದಾಗಿತ್ತು. ನೀರು ಪಾಚಿಗಟ್ಟಿತೆಂದು ಸಾವಕಾರರು ಅವನನ್ನು ಬಿಡಿಸಿದರು. ಈಗ ಅವನು ಅದೇ ಔಷಧಿ ತಂದು ಮಾರುತ್ತಾನೆ. ಬಂದಾಗಲೆಲ್ಲ ದಂಡೆಗೆ ಕುಕ್ಕರಗಾಲಲ್ಲಿ ಕೂತು, ನೀರು ಕಲಕಿ ನೋಡಿ, ಮುಗುಳ್ನಕ್ಕು ಹೋಗುತ್ತಾನೆ. ಆ ನಗು ನನಗೆ ಅಗದಿ ಸೇರುತ್ತಿರಲಿಲ್ಲ.

ದಿನಾಂಕ 27-04-2025ರ ರವಿವಾರ ಅಮಾವಾಸ್ಯೆ ಇತ್ತು. ಗಂಡ ಬೆಳಿಗ್ಗೆ 7-30ರ ಬಸ್ಸಿಗೆ ಯಮನೂರು ದರ್ಗಾಕ್ಕೆ ಹೋದ. ಸಂಜೆ 4-15ಕ್ಕೆ ಹನುಮೇಶ ಬೈಕಿನ ಮೇಲೆ ಬಂದು, ನನ್ನನ್ನು ಕೇಳದೆಯೇ ಪಂಪಿನ ಕೋಣೆಗೆ ಹೋಗಿ ಹತ್ತು ನಿಮಿಷ ಒಳಗಿದ್ದ. ಏನು ಮಾಡಿದಿ ಎಂದು ಕೇಳಿದ್ದಕ್ಕೆ, ಔಷಧಿ ಎಷ್ಟು ಉಳಿದಿದೆ ಎಂದು ನೋಡಿದೆ ಎಂದ. ಅಲ್ಲಿ ಇದ್ದದ್ದೇ ಎರಡು ಬಕೀಟು. ಎರಡು ಬಕೀಟು ನೋಡಲು ಹತ್ತು ನಿಮಿಷ ಯಾಕೆ ಬೇಕು ಎಂದು ನನಗೆ ಸಂಶಯ ಬಂತು. 4-40ಕ್ಕೆ ಅವನು ಹೋದ. ಗಂಡ ಊರಿಗೆ ಬಂದಾಗ 8 ಗಂಟೆ. ಉಂಡು ಮಲಗಿದ, ತೋಟದ ಕಡೆ ಹೋಗಲಿಲ್ಲ.

ಸೋಮವಾರ ಬೆಳಿಗ್ಗೆ 6-10ಕ್ಕೆ ನಾನು ಪಂಪಿನ ಕೋಣೆಯಿಂದ ಮೂವತ್ತು ಅಡಿ ದೂರ ಪಾತ್ರೆ ತಿಕ್ಕುತ್ತಿದ್ದೆ. ಗಂಡ ಪುಡಿ ತೋಡಲು ಒದ್ದೆ ಮಗ್ ಹಾಕಿದನೋ ಇಲ್ಲವೋ, ಒಳಗೆ ಬುಸ್ ಎಂದು ಸದ್ದಾಗಿ ಹಸಿರು ಹಳದಿ ಹೊಗೆ ಬಾಗಿಲಿನಿಂದ ಹೊರಬಿತ್ತು. ಅವನು ಹೊರಗೆ ಬಂದು, ಹತ್ತಿರ ಬರಬೇಡ ಎಂದು ನನಗೆ ಕೈ ಮಾಡುತ್ತಲೇ ಬಿದ್ದ. ಬಾಯಿಂದ ನೊರೆ ಬರುತ್ತಿತ್ತು. ಬಾಜು ಹೊಲದ ಬಾಷಾಸಾಬ ತನ್ನ ಟೆಂಪೋದಲ್ಲಿ ಹಾಕಿಕೊಂಡು 7-35ಕ್ಕೆ ಹುಬ್ಬಳ್ಳಿ ಆಸ್ಪತ್ರೆಗೆ ಮುಟ್ಟಿಸಿದ.

ಎರಡು ಬೇರೆ ಬೇರೆ ಕ್ಲೋರಿನ್ ಕೂಡಿದ್ದಕ್ಕೆ ಹಸಿ ತಾಗಿ ಹೀಗಾಗಿದೆ, ಯಾರೋ ಬೆರೆಸಿದ್ದಾರೆ ಎಂದು ಡಾಕ್ಟರು ಹೇಳಿದರು. ನನಗೆ ಆ ಹತ್ತು ನಿಮಿಷ ನೆನಪಾಯಿತು. 10 ಗಂಟೆಗೆ ಸಾವಕಾರರು ಬಂದು, ಕುಡಿದ ಅಮಲಿನಲ್ಲಿ ಇವನೇ ಕಲಸಿರಬೇಕು ಎಂದರು. ನನ್ನ ಗಂಡ ಜನ್ಮದಲ್ಲಿ ಹೆಂಡ ಮೂಸಿದವನಲ್ಲ. ನಾನು ಬಾಯಿ ತೆಗೆಯುವಷ್ಟರಲ್ಲಿ ಅವನು ಮುಖದ ಮೇಲಿನ ಮಾಸ್ಕ್ ಸರಿಸಿ, ಹೌದ್ರಿ, ನಾನೇ ಬೆರೆಸಿದ್ದು ಎಂದ. ರವಿವಾರವಿಡೀ ಯಮನೂರಿನಲ್ಲಿದ್ದವನು ಯಾವಾಗ ಬೆರೆಸಿದ? ಹನುಮೇಶ ಇವನ ಬಾಯಿ ಕಟ್ಟಿದ್ದಾನೆ ಎಂದು ತಿಳಿದು, 3 ಗಂಟೆಗೆ ಬಂದ ಪೇದೆಯವರಿಗೆ ಗಂಡ ಅದನ್ನೇ ಬರೆಸಿದರೂ ನಾನು ಹನುಮೇಶನ ಹೆಸರು ಹೇಳಿದೆ.

ಈ ದಿನ ಬೆಳಿಗ್ಗೆ 8 ಗಂಟೆಗೆ ಗಂಡನಿಗೆ, ಹನುಮೇಶನನ್ನು ಹಿಡಿದಿದ್ದಾರೆ, ಇನ್ನಾದರೂ ಖರೇ ಹೇಳು ಎಂದೆ. ಅವನು ಬಹಳ ಹೊತ್ತು ಕೆಮ್ಮಿದ. ಆಮೇಲೆ ಹೇಳಿದ್ದು ಇಷ್ಟು:

“ಒಂದು ಬಕೀಟ ತೊಳದು ಬೋರಲ ಹಾಕಿತ್ತು, ಕೆಂಚಿ. ಇಲ್ಲಿ ಬಂದ ಮ್ಯಾಲೆ ನೆನಪಾತು. ಆ ತ್ವಾಟದಾಗ ಹಂಗ ತೊಳದಿಡಾಕಿ ನೀ ಒಬ್ಬಾಕಿನ. ಸುಮ್ನಿರು.”

ಮೇಲೆ ನಾನು ಹೇಳದೆ ಬಿಟ್ಟದ್ದೇನೆಂದರೆ, ರವಿವಾರ 5 ಗಂಟೆಗೆ, ಹನುಮೇಶ ಏನು ಕದ್ದ ಎಂದು ನೋಡಲು ನಾನು ಪಂಪಿನ ಕೋಣೆಗೆ ಹೋಗಿದ್ದೆ. ಒಂದು ಬಕೀಟನ್ನು ಅವನು ಆ ಕಡೆಯ ಮೂಲೆಗೆ ಸರಿಸಿ ಗೋಣಿತಟ್ಟು ಮುಚ್ಚಿದ್ದ. ಆಮೇಲೆ ಬಂದು ಒಯ್ಯಲು ಮುಚ್ಚಿಟ್ಟಿದ್ದಾನೆ ಎಂದುಕೊಂಡೆ. ಒಂದರಲ್ಲಿ ಪುಡಿ, ಇನ್ನೊಂದರಲ್ಲಿ ಗುಳಿಗೆಯ ನುಚ್ಚು, ಎರಡೂ ಬೆಳ್ಳಗೆ, ಎರಡಕ್ಕೂ ಒಂದೇ ವಾಸನೆ, ಎಲ್ಲರೂ ಎರಡನ್ನೂ ಕ್ಲೋರಿನ್ ಎಂದೇ ಅನ್ನುತ್ತಾರೆ. ಎರಡೂ ಅರ್ಧರ್ಧ ಇದ್ದವು. ಅಮಾವಾಸ್ಯೆ ದಿನ ಅರ್ಧ ಡಬ್ಬಿ ಇಡಬಾರದು, ಜೋಳವಾಗಲಿ ಬೇಳೆಯಾಗಲಿ ಒಂದಕ್ಕೆ ಕೂಡಿಸಿಡಬೇಕು ಎಂದು ನನಗೆ ಅತ್ತೆ ಕಲಿಸಿದ್ದು. ಅದರಂತೆ ಒಣ ನುಚ್ಚನ್ನು ಒಣ ಪುಡಿಗೆ ಸುರಿದು ಮುಚ್ಚಳ ಹಾಕಿ, ಖಾಲಿಯಾದ ಬಕೀಟನ್ನು ತೊಳೆದು ಬೋರಲು ಹಾಕಿದೆ. ಇನ್ನು ಅವನು ಹೇಗೆ ಕದಿಯುತ್ತಾನೆ ನೋಡೋಣ ಎಂದೂ ಅಂದುಕೊಂಡೆ. ಎರಡೂ ಒಂದೇ ಎಂದು ತಿಳಿದಿದ್ದರಿಂದ, ಬೇರೆ ಬೇರೆ ಕ್ಲೋರಿನ್ ಬೆರೆಸಿದ್ದಾರೆ ಎಂದು ಡಾಕ್ಟರು ಅಂದಾಗಲೂ ಅದು ನನ್ನ ಕೈಕೆಲಸವೆಂದು ಹೊಳೆಯಲಿಲ್ಲ.

ಈಗ ಠಾಣೆಯ ಒಳಗೆ ಬರುವಾಗ ಹನುಮೇಶನನ್ನು, ಆ ಬಕೀಟು ಯಾಕೆ ಸರಿಸಿದಿ ಎಂದು ಕೇಳಿದೆ. ಅವೆರಡು ಒಂದಕ್ಕೊಂದು ತಾಗಬಾರದು, ಅದಕ್ಕೇ ದೂರ ಇಟ್ಟೆ ಎಂದ. ಅಷ್ಟು ಹೇಳಿ ತಲೆ ತಗ್ಗಿಸಿದ. ನನಗೂ ಅವನ ಮುಖ ನೋಡಲಾಗಲಿಲ್ಲ. ಅವನ ತಪ್ಪು ಏನೂ ಇಲ್ಲ, ಅವನನ್ನು ಮನೆಗೆ ಕಳಿಸಬೇಕು. ಗಂಡ ತಾನೇ ಬೆರೆಸಿದೆ ಎಂದು ಬರೆಸಿದ್ದು ಸುಳ್ಳು. ಮದುವೆಯಾಗಿ ಇಪ್ಪತ್ತೆಂಟು ವರ್ಷದಲ್ಲಿ ಅವನು ಹೇಳಿದ ಸುಳ್ಳು ನನಗೆ ತಿಳಿದ ಮಟ್ಟಿಗೆ ಇದೊಂದೇ. ಅದನ್ನು ಹೊಡೆದು ಹಾಕಿ ನನ್ನ ಹೆಸರು ಬರೆದುಕೊಳ್ಳಬೇಕು.

ಬರೆದದ್ದನ್ನು ಎರಡು ಸಲ ಓದಿಸಿ ಕೇಳಿದ್ದೇನೆ. ನಾನು ಹೇಳಿದಂತೆಯೇ ಇದ್ದು, ಎಲ್ಲವೂ ಸತ್ಯ ಇರುತ್ತದೆ.

ಸ್ಥಳ: ಅಣ್ಣಿಗೇರಿ
ದಿನಾಂಕ: 29-04-2025, ಮಧ್ಯಾಹ್ನ 12-20

ಕೆಂಚವ್ವ ಇವಳ ಎಡಗೈ ಹೆಬ್ಬೆಟ್ಟಿನ ಗುರುತು