ತವರಿಗೆ ಹೊರಟ ಮಡಕೆ

ಶ್ರೀಲಂಕಾದ ಮಹಾವೆಲಿ ನದಿಯ ದಡದಲ್ಲಿ ದೋಣಿಗೆ ಕಾಯುತ್ತಿದ್ದೆ. ನನ್ನ ಮುಂದೆ ಅಕ್ಕ ತಂಗಿ ಇಬ್ಬರು. ಅಕ್ಕನ ತೋಳಿನಲ್ಲಿ ಬಾಯಿಗೆ ಬಟ್ಟೆ ಕಟ್ಟಿದ ಮಡಕೆ. ಒಳಗೆ ನಾಗರಹಾವು ಬುಸುಗುಡುತ್ತಿತ್ತು.

“ಅಲ್ಲಾಡಿಸ್ಬೇಡ ಅಕ್ಕಾ. ಅಮ್ಮನಿಗೆ ತಲೆ ಸುತ್ತುತ್ತೆ.”

“ಅಮ್ಮನೇ ಅಂತ ಹೆಂಗೆ ಹೇಳ್ತೀಯೆ, ಸೀಲಾ?”

“ಅವಳು ತೀರಿಕೊಂಡ ಮೂರು ತಿಂಗಳಿಗೆ ಭಿಕ್ಷುಗಳಿಗೆ ಕೊಡೋ ದಾನ ಮುಗಿದ ಮಾರನೇ ದಿನವೇ ಬಂದು ಅವಳ ಚಾಪೆ ಮೇಲೆ ಮಲಗ್ತಲ್ಲ. ಇನ್ಯಾರು?”

“ಇದ್ಕೊಳ್ಲಿ ಅನ್ನೋಣ ಅಂದ್ರೆ ಮಗು ಅಂಬೆಗಾಲಿಡೋ ಮನೆ.”

“ಹೊಳೆ ದಾಟಿಸಿದ್ರೆ ವಾಪಸ್ ಬರಲ್ಲ ಅಂತಾರೆ.”

“ಆಚೆ ಎಲ್ಲಿ ಬಿಡೋದು?”

“ಅವಳ ತವರಿನ ಹಲಸಿನ ಮರದ ಬುಡದಲ್ಲಿ. ಅಪ್ಪ ಒಂದು ಸಲನೂ ಕಳಿಸ್ಲಿಲ್ವಲ್ಲ.”

ಮಡಕೆ ಸುಮ್ಮನಾಯಿತು.

ದೋಣಿ ಬಂತು. ನಾನು ಹತ್ತಲಿಲ್ಲ. ಅವರಿಬ್ಬರೂ ದೋಣಿ ಹತ್ತಿ ಬಿಸಿಲಿನಲ್ಲೇ ಕೂತು, ಇದ್ದ ಒಂದೇ ಕೊಡೆಯನ್ನು ಮಡಕೆಗೆ ಹಿಡಿದರು.