ಮತ್ತು ಇತರರು

ವೇದಿಕೆಯ ಮೇಲಿರುವ ಪುರಸಭೆಯ ಅಧ್ಯಕ್ಷರೇ, ಅವರ ಬಲಕ್ಕೆ ಕುಳಿತಿರುವ ಉಪಾಧ್ಯಕ್ಷರೇ, ಮಿತ್ರರಾಷ್ಟ್ರದ ರಾಯಭಾರ ಕಚೇರಿಯಿಂದ ಅಷ್ಟು ದೂರ ಬಂದಿರುವ ಅಧಿಕಾರಿಗಳೇ, ಇನ್ನುಳಿದ ಹನ್ನೆರಡು ಮಂದಿ ಗಣ್ಯರೇ, ಕುರ್ಚಿ ಸಿಗದೆ ಗೋಡೆಗೊರಗಿ ನಿಂತಿರುವ ಸಭಿಕರೇ. ಯಾರನ್ನಾದರೂ ಬಿಟ್ಟಿದ್ದರೆ ಕ್ಷಮೆ ಇರಲಿ. ಈ ಊರಿನಲ್ಲಿ ಹೆಸರು ಬಿಟ್ಟರೆ ಏನಾಗುತ್ತದೆಂದು ನನಗೆ ಗೊತ್ತು. ಇವತ್ತಿನ ಆಮಂತ್ರಣ ಪತ್ರಿಕೆ ಮೂರು ಸಲ ಅಚ್ಚಾಯಿತು. ಮೊದಲ ಸಲ ಉಪಾಧ್ಯಕ್ಷರ ಹೆಸರು ಬಿಟ್ಟುಹೋಗಿತ್ತು. ಎರಡನೆಯ ಸಲ ಇತ್ತು, ಆದರೆ ಅಕ್ಷರ ಸಣ್ಣದಾಯಿತಂತೆ.

ನಾನು ಮಾತುಗಾರನಲ್ಲ, ಕಲ್ಲಿನಲ್ಲಿ ಅಕ್ಷರ ಕೆತ್ತುವವನು. ಮೂವತ್ತೊಂದು ವರ್ಷದಿಂದ ಈ ಊರಿನ ಅಡಿಗಲ್ಲು, ಉದ್ಘಾಟನೆಯ ಕಲ್ಲು, ಎಲ್ಲವೂ ನನ್ನ ಉಳಿಯ ಕೆಳಗೇ ಹಾದುಹೋಗಿವೆ. ನಮ್ಮ ಬೀದಿಗೆ ಚರಂಡಿ ಇನ್ನೂ ಬಂದಿಲ್ಲ, ಚರಂಡಿಯ ಕಲ್ಲು ಬಂದು ಎಂಟು ವರ್ಷವಾಯಿತು. "ನಿನಗೂ ಸನ್ಮಾನ ಇಟ್ಟಿದ್ದೀವಿ, ಎರಡು ಮಾತಾಡಪ್ಪ" ಎಂದು ಅಧ್ಯಕ್ಷರೇ ಹೇಳಿದ್ದರಿಂದ ಮೈಕಿನ ಮುಂದೆ ನಿಂತಿದ್ದೇನೆ. ಇವತ್ತಿನ ಕಲ್ಲು ಅಲ್ಲಿ ಬಟ್ಟೆಯ ಮರೆಯಲ್ಲಿದೆ. ಅದರಲ್ಲಿ ಏನಿದೆ ಎಂದು ಪುರಸಭೆಯವರು ಯಾರೂ ಇನ್ನೂ ನೋಡಿಲ್ಲ.

ಕಳೆದ ತಿಂಗಳು ಮಿತ್ರರಾಷ್ಟ್ರದ ರೈಲು ನಿಲ್ದಾಣವೊಂದರಲ್ಲಿ ಭಯೋತ್ಪಾದಕರು ಬಾಂಬ್ ಇಟ್ಟು ನಲವತ್ಮೂರು ಜನರನ್ನು ಕೊಂದರು. ನಮ್ಮ ಪುರಸಭೆ ಕೂಡಲೇ ಸಭೆ ಸೇರಿ ಬೆಂಬಲದ ನಿರ್ಣಯ ಮಾಡಿತು. ನಿರ್ಣಯ ಪಾಸಾದ ಮೇಲೆ ಸದಸ್ಯರೊಬ್ಬರು, "ಅಂದ ಹಾಗೆ, ಆ ದೇಶ ಎಲ್ಲಿ ಬರುತ್ತೆ?" ಎಂದು ಕೇಳಿದರು. ಕಟ್ಟಡಕ್ಕೆಲ್ಲ ಅವರ ಬಾವುಟದ ಬಣ್ಣದ ದೀಪ ಹಾಕಿಸಿದರು. ನೀಲಿ ಬಲ್ಬು ಸಾಲದೆ ಒಂದು ಬದಿಗೆ ಹಸಿರು ಹಾಕಿದ್ದರಿಂದ ಎರಡು ದಿನ ನಾವು ಬೇರೆ ಯಾವುದೋ ದೇಶವನ್ನು ಬೆಂಬಲಿಸಿದೆವು. ಎರಡು ನಿಮಿಷದ ಮೌನವನ್ನೂ ಆಚರಿಸಿದೆವು. ನಲವತ್ತು ಸೆಕೆಂಡಿಗೆ ಉಪಾಧ್ಯಕ್ಷರ ಫೋನು ಹಾಡತೊಡಗಿತು. ನಗಬೇಡಿ. ಪಾಪ, ಫೋನಿಗೆ ಶೋಕ ಗೊತ್ತಾಗುತ್ತದೆಯೇ?

ಸತ್ತವರ ನೆನಪಿಗೆ ಈ ಕಲ್ಲು ನಿಲ್ಲಿಸುವುದೆಂದೂ ತೀರ್ಮಾನವಾಯಿತು. ಆದರೆ ಅದಕ್ಕಾಗಿ ಆ ದೇಶದಿಂದ ಬಂದ ಪಟ್ಟಿಯೇ ಬೇರೆ ಥರ ಇತ್ತು. ನಲವತ್ಮೂರು ಹೆಸರು, ಪ್ರತಿ ಹೆಸರಿನ ಎದುರು ಕೆಲಸ, ವಯಸ್ಸು. ಯಾವ ಹೆಸರನ್ನು ಹೇಗೆ ಹೇಳಬೇಕೆಂದು ನಮ್ಮ ಅಕ್ಷರದಲ್ಲೇ ಬರೆಸಿ ಕಳಿಸಿದ್ದರು. ವಕೀಲ, ನಲವತ್ತನಾಲ್ಕು. ವಿದ್ಯಾರ್ಥಿನಿ, ಹತ್ತೊಂಬತ್ತು. ಇಪ್ಪತ್ತೇಳನೆಯ ಸಾಲಿಗೆ ಬಂದಾಗ ನನ್ನ ಕೈ ನಿಂತುಹೋಯಿತು. ನಿಲ್ದಾಣ ಗುಡಿಸುವವಳು, ಮೂವತ್ತಾರು. ಅವಳ ಹೆಸರು, ತಂದೆಯ ಹೆಸರು, ಎಲ್ಲ ಪೂರ್ತಿ ಇತ್ತು. ಉಳಿ ಕೆಳಗಿಟ್ಟು ಹೊರಗೆ ಹೋಗಿ ಕುಳಿತೆ.

ಸಭಿಕರೇ, ಒಂಬತ್ತು ವರ್ಷದ ಹಿಂದೆ ನಮ್ಮ ಬಸ್ ನಿಲ್ದಾಣದಲ್ಲೂ ಬಾಂಬ್ ಸಿಡಿಯಿತಲ್ಲ, ನೆನಪಿದೆಯೇ? ಸತ್ತವರು ಹನ್ನೊಂದು ಜನ. ಆ ಕಲ್ಲನ್ನೂ ನಾನೇ ಕೆತ್ತಿದೆ. ಎಲ್ಲಕ್ಕಿಂತ ಮೇಲೆ ಅನಾವರಣ ಮಾಡಿದವರ ಹೆಸರು, ಅಂಗೈಯಗಲದ ಅಕ್ಷರ. ಅದರ ಕೆಳಗೆ ಉಪಸ್ಥಿತರಿದ್ದವರು. ಅದರ ಕೆಳಗೆ, ಉಳಿದ ಜಾಗದಲ್ಲಿ, ಸತ್ತವರು. ಹತ್ತು ಹೆಸರು ಬರುವಷ್ಟರಲ್ಲಿ ಕಲ್ಲು ಮುಗಿಯಿತು. ಪುರಸಭೆಯ ಎಂಜಿನಿಯರ್ ಸಾಹೇಬರನ್ನು ಕೇಳಿದೆ. "ಹನ್ನೊಂದನೇದು ಯಾರು? ಆ ಗುಡಿಸೋಳಾ? ಅವಳು ಗುತ್ತಿಗೆಯವಳು ಕಣಯ್ಯ, ನಮ್ಮ ರಿಜಿಸ್ಟರಲ್ಲೇ ಇಲ್ಲ. 'ಮತ್ತು ಇತರರು' ಅಂತ ಹಾಕಿ ಮುಗಿಸು" ಎಂದರು.

ಮುಂದಿನ ಉದ್ಯಾನದ ಕಲ್ಲು, ಗ್ರಂಥಾಲಯದ ಕಲ್ಲು, ಎಲ್ಲ ಅವರ ಕೈಯಲ್ಲೇ ಇತ್ತು. ಹೇಳಿದ ಹಾಗೆ ಕೆತ್ತಿದೆ. ಚೆನ್ನಾಗಿಯೇ ಕೆತ್ತಿದ್ದೇನೆ, ಯಾರು ಬೇಕಾದರೂ ಹೋಗಿ ನೋಡಬಹುದು. ಆ ಇತರರು ಅಂದರೆ ಒಬ್ಬಳೇ. ಅವಳು ನನ್ನ ಒಡಹುಟ್ಟಿದ ತಂಗಿ.

ಇಲ್ಲಿಂದ ಮುಂದಿನದು ನಾನು ಬರೆದು ತಂದ ಹಾಳೆಯಲ್ಲಿಲ್ಲ. ನಮ್ಮಮ್ಮನಿಗೆ ಓದು ಬರಹ ಬಾರದು. ಕಲ್ಲು ನಿಲ್ಲಿಸಿದ ಮಾರನೆಯ ದಿನ ನನ್ನನ್ನು ಅಲ್ಲಿಗೆ ಎಳೆದುಕೊಂಡು ಹೋದಳು. "ಎಲ್ಲಪ್ಪಾ ನಮ್ಮ ಹುಡುಗಿ ಹೆಸರು? ನನ್ನ ಬೆರಳು ಹಿಡಿದು ಅದರ ಮೇಲಿಡು" ಅಂದಳು. ಇಟ್ಟೆ. ಎಲ್ಲಿ ಇಟ್ಟೆನೆಂದು ನಿಮಗೆ ಗೊತ್ತಾಗಿರಬೇಕು. ಒಂಬತ್ತು ವರ್ಷದಿಂದ ವಾರಕ್ಕೊಮ್ಮೆ ಅಮ್ಮ ಅಲ್ಲಿಗೆ ಹೋಗಿ, ಧೂಳು ಒರೆಸಿ, ಆ ಎರಡು ಪದಗಳನ್ನು ಸವರಿ ಬರುತ್ತಾಳೆ. "ಅವಳ ಹೆಸರು ಬರೆದರೆ ಇಷ್ಟುದ್ದ ಆಗುತ್ತೆ ಅಂತ ಗೊತ್ತೇ ಇರಲಿಲ್ಲ ಕಣೋ" ಎಂದು ಒಂದು ದಿನ ಖುಷಿಪಟ್ಟಳು. ಆ ಖುಷಿಯನ್ನು ನೋಡಿಕೊಂಡು ನಾನು ಊಟ ಮಾಡಿದ್ದೇನೆ.

ಅಮ್ಮ ಇವತ್ತು ಮೊದಲ ಸಾಲಿನಲ್ಲಿ ಕುಳಿತಿದ್ದಾಳೆ. ಅಮ್ಮಾ, ನಿನಗೆ ಸುಳ್ಳು ಹೇಳಿದ್ದೆ ಕಣಮ್ಮ. ಮನೇಲಿ ಹೇಳೋ ಧೈರ್ಯ ಬರಲಿಲ್ಲ. ಇಷ್ಟು ಜನರ ಎದುರು ಹೇಳಿದರೆ ಆಮೇಲೆ ತಪ್ಪಿಸಿಕೊಳ್ಳೋಕಾಗಲ್ಲ ಅಂತ ಇಲ್ಲಿ ಹೇಳ್ತಿದ್ದೀನಿ.

ಬೇಗ ಮುಗಿಸು ಎಂದು ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ಮುಗಿಸುತ್ತೇನೆ. ಆ ಬಟ್ಟೆಯ ಹಿಂದೆ ಮಿತ್ರರಾಷ್ಟ್ರದ ನಲವತ್ಮೂರು ಹೆಸರುಗಳಿವೆ, ಒಂದು ಅಕ್ಷರವೂ ತಪ್ಪಿಲ್ಲ. ಅವುಗಳ ಕೆಳಗೆ ನಮ್ಮ ಹನ್ನೊಂದು ಹೆಸರುಗಳಿವೆ. ರಾಯಭಾರ ಕಚೇರಿಯ ಈ ಅಧಿಕಾರಿಗಳನ್ನು ಕೇಳಿಯೇ ಕೆತ್ತಿದೆ. "ನಿಮ್ಮವರೂ ನಮ್ಮವರ ಜೊತೆಗೇ ಇರಲಿ" ಎಂದರು. ಬೆಂಬಲ ಅಂದರೆ ಏನೆಂದು ನನಗೆ ಅರ್ಥವಾದದ್ದು ಆಗಲೇ, ನಿರ್ಣಯ ಓದಿದಾಗಲ್ಲ. ಆದರೆ ವೇದಿಕೆಯ ಮೇಲಿನ ಹದಿನಾಲ್ಕು ಮಂದಿ ಗಣ್ಯರ ಹೆಸರಿಗೆ ಜಾಗ ಸಾಲಲಿಲ್ಲ. ಹೊಸದೇನೂ ಮಾಡಿಲ್ಲ, ಪುರಸಭೆಯ ಪದ್ಧತಿಯನ್ನೇ ಪಾಲಿಸಿದ್ದೇನೆ. ಕೊನೆಯ ಸಾಲು ಹೀಗಿದೆ: "ಅನಾವರಣ: ಅಧ್ಯಕ್ಷರು ಮತ್ತು ಇತರರು."

ಬಟ್ಟೆ ಸರಿಸಿದ ಮೇಲೆ ಫೋಟೋಕ್ಕೆ ನಿಲ್ಲುವವರು ದಯವಿಟ್ಟು ಸ್ವಲ್ಪ ತಡೆಯಬೇಕು. ಮೊದಲು ಅಮ್ಮನಿಗೆ ದಾರಿ ಬಿಡಿ. ಐವತ್ತನಾಲ್ಕನೆಯ ಹೆಸರು ಅವಳ ಕೈಗೆಟಕುವ ಎತ್ತರದಲ್ಲೇ ಇದೆ. ನಮ್ಮ ಹುಡುಗಿ ಹೆಸರು ಎರಡೇ ಅಕ್ಷರ ಕಣಮ್ಮ. ಆಳವಾಗಿ ಕೆತ್ತಿದ್ದೀನಿ, ಬೆರಳಿಗೆ ಸಿಗುತ್ತೆ.

ತಾಳ್ಮೆಯಿಂದ ಕೇಳಿದ ಸಭಿಕರಿಗೆ, ದೂರದಿಂದ ಬಂದ ಅತಿಥಿಗಳಿಗೆ, ಮಾತಾಡಲು ಅವಕಾಶ ಕೊಟ್ಟು ಈಗ ಬಹುಶಃ ಪಶ್ಚಾತ್ತಾಪ ಪಡುತ್ತಿರುವ ಅಧ್ಯಕ್ಷರಿಗೆ, ಮತ್ತು ಇತರರಿಗೆ, ನನ್ನ ವಂದನೆಗಳು. ನಮಸ್ಕಾರ.